ಟೈಲ್ಸ್ ಹಾಕಿದ ವರ್ಷ ಬೆಳೆದ ಮಕ್ಕಳು

ಹೋದ ತಿಂಗಳು ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ನರ್ಸಿಂಗ್ ಮುಗಿಸಿ ಶಾಲಾ ಆರೋಗ್ಯ ತಂಡಕ್ಕೆ ಹೊಸದಾಗಿ ಸೇರಿದ್ದಾಳೆ. ನಾನು ನಿವೃತ್ತಿಯಾಗುವವರೆಗೆ ಮಾಡಿದ್ದೂ ಅದೇ ಕೆಲಸ. ಶಾಲೆಯಿಂದ ಶಾಲೆಗೆ ಹೋಗುವುದು, ಮಕ್ಕಳನ್ನು ನಿಲ್ಲಿಸಿ ಎತ್ತರ ಅಳೆಯುವುದು, ತೂಕ ನೋಡುವುದು, ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿ ಸರಿ ಕಾಣದವರನ್ನು ಆಸ್ಪತ್ರೆಗೆ ಕಳಿಸುವುದು. "ಈಸಿ ಕೆಲಸ ಅಂತಾರೆ ಮೇಡಂ, ನಿಜಾನಾ?" ಅಂತ ಕೇಳಿದಳು. ಮುಖ ನೋಡಿದರೆ ಪಾಪ ಅನ್ನಿಸಿತು. ಹೌದಮ್ಮ, ಈಸಿನೇ ಅಂದು ಕಾಫಿ ಕೊಟ್ಟು ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಆವತ್ತು ಹೇಳದೆ ನುಂಗಿಕೊಂಡದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಈ ಕೆಲಸವನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೇ ಇಡುವುದಿಲ್ಲ. ನನ್ನ ನಾದಿನಿ ಹಬ್ಬಕ್ಕೆ ಬಂದಾಗಲೆಲ್ಲ ಕೇಳುತ್ತಿದ್ದಳು: "ಅಲ್ಲ ಕಣತ್ತಿಗೆ, ಮಕ್ಳ ತೂಕ ಆಕಕ್ಕೂ ಸರ್ಕಾರ ಸಂಬ್ಳ ಕೊಟ್ಟದಾ? ನಮ್ಮೂರ ಕುರಿ ಯಾಪಾರಿ ಸುಮ್ನೆ ಎತ್ತಿ ನೋಡ್ಬುಟ್ಟು ಎಷ್ಟು ಕೇಜಿ ಅಂತ ಯೋಳ್ತಾನೆ." ಹೆರಿಗೆ ಮಾಡಿಸುವ ನರ್ಸಿಗೆ ಊರಲ್ಲಿ ಸೀರೆ ಉಡಿಸುತ್ತಾರೆ. ಸೂಜಿ ಹಾಕುವವಳಿಗೆ ಹೆದರಿಕೊಂಡಾದರೂ ಮರ್ಯಾದೆ ಕೊಡುತ್ತಾರೆ. ನಮಗೆ ಎರಡೂ ಇಲ್ಲ. ನಾಗಮಂಗಲದಲ್ಲಿ ಶುರು ಮಾಡಿ, ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಎಲ್ಲಾ ಸುತ್ತಿ ಬಂದೆ. ಬಡ್ತಿ ಒಂದೇ ಒಂದು ಬಂತು, ಅದರ ಸುದ್ದಿ ಬೇಡ.

ಶುರುವಿನಲ್ಲಿ ನಮಗೆ ಕೊಟ್ಟದ್ದು ಮುಳ್ಳಿರುವ ತೂಕದ ಯಂತ್ರ. ಜೀಪಿನ ಹಿಂದಿನ ಸೀಟಿನ ಕೆಳಗೆ ಹಾಕಿಕೊಂಡು ಹೋಗುತ್ತಿದ್ದೆವು. ನಾಗಮಂಗಲ ಕಡೆಯ ಆಗಿನ ರಸ್ತೆಯಲ್ಲಿ ಅದು ಎಗರಿ ಎಗರಿ, ಬೆಳಿಗ್ಗೆ ಒಂದು ತೂಕ ತೋರಿಸಿದರೆ ಮಧ್ಯಾಹ್ನ ಇನ್ನೊಂದು. ಆಗ ನಮ್ಮ ಜೊತೆ ಇದ್ದ ಡಾಕ್ಟರು ಒಂದು ಉಪಾಯ ಹುಡುಕಿದರು. ಬಿಸಿಯೂಟದ ಕೋಣೆಯಲ್ಲಿ ಹೊಲಿಗೆ ಹಾಕಿದ ಅಕ್ಕಿ ಮೂಟೆ ಇರುತ್ತದಲ್ಲ, ಮೇಲೆ ಐವತ್ತು ಕೆ.ಜಿ. ಅಂತ ಅಚ್ಚು ಹಾಕಿರುತ್ತಾರೆ, ಅದನ್ನೇ ಯಂತ್ರದ ಮೇಲಿಟ್ಟು ನೋಡಿದರೆ ಆಯಿತಲ್ಲ! ಇಟ್ಟೆವು. ನಲವತ್ತಾರು ತೋರಿಸಿತು. "ಯಂತ್ರ ನಾಲ್ಕು ಕೆ.ಜಿ. ಕಮ್ಮಿ ತೋರಿಸ್ತಾ ಇದೆ, ಎಲ್ಲಾ ಮಕ್ಕಳಿಗೂ ನಾಲ್ಕು ಸೇರಿಸಿ ಬರೀರಿ" ಅಂದರು ಡಾಕ್ಟರು. ಬರೆದೆವು. ಮೂಳೆ ಎಣಿಸಬಹುದಾಗಿದ್ದ ಮಕ್ಕಳೆಲ್ಲ ಆ ಒಂದು ವಾರ ಪುಷ್ಟಿಯಾದರು. ಮುಂದಿನ ವಾರ ಬೇರೆ ಶಾಲೆಯಲ್ಲಿ ಮೂಟೆ ಇಟ್ಟರೆ ಸರಿಯಾಗಿ ಐವತ್ತು. ಯಂತ್ರ ಸರಿಯಾಗೇ ಇತ್ತು, ಕಮ್ಮಿ ಇದ್ದದ್ದು ಹಿಂದಿನ ಶಾಲೆಯ ಮೂಟೆ. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು ಯಾರು ಅಂತ ನಾವು ಕೇಳಲಿಲ್ಲ. ಆ ವಾರದ ಶಾಲೆಗಳಿಗೆ ವಾಪಸ್ ಹೋಗಿ ಮತ್ತೆ ತೂಗುತ್ತೇವೆ ಅಂದರೆ ಜೀಪಿಗೆ ಡೀಸೆಲ್ ಇಲ್ಲ ಅಂದುಬಿಟ್ಟರು. ಹಾಗಾಗಿ ಸುಳ್ಳು ತೂಕವೇ ಉಳಿಯಿತು.

ಮಕ್ಕಳನ್ನು ಅಳೆಯುವುದು ಅಂದರೆ ಮಕ್ಕಳನ್ನಷ್ಟೇ ಅಳೆಯುವುದಲ್ಲ. ಹೆಣ್ಣುಮಕ್ಕಳ ತಲೆ ನೋಡಬೇಕು. ಎರಡು ಜಡೆ ಮಡಿಚಿ ಮೇಲಕ್ಕೆ ಕಟ್ಟಿ, ರಿಬ್ಬನ್ ಬಿಗಿದು, ಮೇಲೆ ಕನಕಾಂಬರ ಬೇರೆ. ಆ ಗುಡ್ಡೆಯನ್ನು ಅದುಮಿ ತಲೆಬುರುಡೆ ಮುಟ್ಟುವಷ್ಟರಲ್ಲಿ ಕೂದಲು ಕೆದರಿತು ಅಂತ ಮಗು ಅಳುತ್ತದೆ. ಕಿಕ್ಕೇರಿ ಕಡೆ ಒಬ್ಬ ಅಜ್ಜಿ ಮೊಮ್ಮಗನನ್ನು ಯಂತ್ರದ ಮೇಲಿಂದ ಎಳೆದುಕೊಂಡೇ ಹೋಗಿದ್ದಳು. "ತೂಕುಕ್ ಆಕುದ್ರೆ ಮಗ ಸೊರಗೋಯ್ತದೆ. ನಿಮ್ಮ ಕಣ್ಣು ಬೀಳದು ಸಾಕು, ಬುಡಿ ನಮ್ಮುಡ್ಗನ" ಅಂದು, ನನ್ನ ಮುಖದ ಎದುರೇ ಮಗುವಿಗೆ ನೆಟಿಗೆ ಮುರಿದಳು. ಅಜ್ಜಿಯ ಮೇಲೆ ನನಗೆ ಕೋಪವಿಲ್ಲ. ಅವಳಿಗೆ ಮೊಮ್ಮಗನ ಚಿಂತೆಯಾದರೂ ಇತ್ತು.

ಕೋಪ ಇರುವುದು ಮೇಷ್ಟ್ರುಗಳ ಮೇಲೆ. ಪಾಂಡವಪುರದ ಒಂದು ಶಾಲೆಯಲ್ಲಿ ಮೇಷ್ಟ್ರೊಬ್ಬರು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಮುಳ್ಳು ನಿಂತ ಕೂಡಲೇ ಗಟ್ಟಿಯಾಗಿ ಕೂಗುವರು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ತೂಕ ಕೂಗಿ, "ಓಹೋ, ಒಳ್ಳೆ ಸೀಮೆ ಹಸ!" ಅಂದರು. ಸಾಲಿನಲ್ಲಿದ್ದ ಹುಡುಗರೆಲ್ಲ ನಕ್ಕರು. ಮುಂದಿನ ವರ್ಷ ನಮ್ಮ ಜೀಪು ಗೇಟಿನೊಳಗೆ ಬಂದದ್ದು ನೋಡಿ ಆ ಹುಡುಗಿ ಹಿಂದಿನ ಗೋಡೆ ಹಾರಿ ಮನೆಗೆ ಓಡಿಹೋಗಿದ್ದಳು. ಹೊಸದಾಗಿ ಈ ಕೆಲಸಕ್ಕೆ ಸೇರುವವರೇ, ತೂಕವನ್ನು ಮೆತ್ತಗೆ ಹೇಳಿ, ಅಥವಾ ಹೇಳಲೇಬೇಡಿ. ಬರೆದುಕೊಳ್ಳಿ ಅಷ್ಟೇ. ಯಾವ ತರಬೇತಿಯಲ್ಲೂ ಇದನ್ನು ನಿಮಗೆ ಹೇಳಿಕೊಡುವುದಿಲ್ಲ.

ಆಮೇಲೆ ಟ್ಯಾಬ್ ಬಂತು. ಎತ್ತರ, ತೂಕ ಒತ್ತಿದರೆ ಅದೇ ಬಣ್ಣ ತೋರಿಸುತ್ತದೆ. ಹಸಿರು ಅಂದರೆ ಮಗು ಸರಿ, ಕೆಂಪು ಅಂದರೆ ಆಸ್ಪತ್ರೆಗೆ ಕಳಿಸಬೇಕು. ಜೊತೆಗೆ ದಿನಕ್ಕೆ ಇಷ್ಟು ಮಕ್ಕಳು ಮುಗಿಯಲೇಬೇಕು ಅಂತ ಮೇಲಿನಿಂದ ಒತ್ತಡ. ಬಿಸಿಲಲ್ಲಿ ಶಾಲೆ ಶಾಲೆ ಅಲೆಯುವ ಬದಲು ಕೆಲವು ತಂಡಗಳು ಸುಲಭದ ದಾರಿ ಹಿಡಿದವು. ಬೆಳ್ಳೂರು ಕ್ರಾಸ್‌ನ ಹೋಟೆಲೊಂದರಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಬೇರೆ ತಂಡದವರು ತಟ್ಟೆ ಇಡ್ಲಿ ತಿನ್ನುತ್ತಾ, ಹೋದ ವರ್ಷದ ಎತ್ತರಕ್ಕೆ ಎರಡಿಂಚು, ತೂಕಕ್ಕೆ ಎರಡು ಕೆ.ಜಿ. ಸೇರಿಸಿ ಒತ್ತುತ್ತಾ ಕೂತಿದ್ದರು. "ಏನ್ರಪ್ಪಾ, ಮಕ್ಕಳೆಲ್ಲಿ?" ಅಂದರೆ, "ಬೆಳೀತಾವ್ರೆ ಕಣಕ್ಕ, ಬುಡಿ, ಬೆಳೀದೆ ಎಲ್ಲೋದಾರು?" ಅಂತ ನಕ್ಕರು. ನನಗೂ ನಗು ಬಂತು ಆಗ. ಬೆಳೆಯದೇ ಉಳಿಯುವ ಮಗು ಒಂದು ಇರಬಹುದು, ಅದನ್ನು ಹುಡುಕುವುದೇ ನಮ್ಮ ಕೆಲಸ ಅನ್ನುವುದು ನಗುವಾಗ ನೆನಪಿಗೆ ಬರಲಿಲ್ಲ.

ಅಂಥ ಮಗುವಿನ ಹೆಸರು ಮಮತಾ.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಶೀಳನೆರೆಯಿಂದ ಒಳಗೆ ಹೋದರೆ ಸಿಗುವ ಒಂದು ಊರು. ಹೆಸರು ಹೇಳುವುದಿಲ್ಲ. ಏಳನೇ ಕ್ಲಾಸಿನವರೆಗೆ ಇರುವ ಸಣ್ಣ ಶಾಲೆ. ನಮಗೆ ಇಲಾಖೆ ಕೊಟ್ಟಿದ್ದ ಎತ್ತರ ಅಳೆಯುವ ಕೋಲಿನ ಬುಡ ಮುರಿದು ಹೋಗಿ, ಹೊಸದು ಕೇಳಿದರೆ ಬರುತ್ತೆ ಬರುತ್ತೆ ಅನ್ನುತ್ತಲೇ ಇದ್ದರು. ಹಾಗಾಗಿ ಶಾಲೆಗಳ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಳತೆಪಟ್ಟಿಯೇ ಗತಿ. ಆ ಶಾಲೆಯಲ್ಲಿ ಒಂದು ಉದ್ದ ಕತ್ತಿನ ಜಿರಾಫೆ ಬರೆದು, ಅದರ ಪಕ್ಕ ಅಡಿ, ಇಂಚು ಗುರುತು ಹಾಕಿದ್ದರು. ಎರಡಡಿಯಿಂದ ಮೇಲಕ್ಕೆ ಗೆರೆಗಳು, ಕೆಳಗೆ ಬರೀ ಹಸಿರು ಹುಲ್ಲು.

ನಮ್ಮ ಡ್ರೈವರ್ ಶಿವಣ್ಣನಿಗೆ ಮಕ್ಕಳು ಅಂದರೆ ಪ್ರಾಣ. ಸಣ್ಣ ಮಕ್ಕಳು ಹೆದರಿದರೆ, "ನೋಡ್ರಲಾ, ಮೊದ್ಲು ನನ್ನ ಅಳೀತಾರೆ" ಅಂತ ತಾನೇ ಚಪ್ಪಲಿ ಬಿಟ್ಟು ಜಿರಾಫೆಯ ಪಕ್ಕ ನಿಲ್ಲುವನು. ಪ್ರತಿ ವರ್ಷವೂ ಅವನ ತಲೆ ಜಿರಾಫೆಯ ಕಿವಿಯ ಕೆಳಗೇ ಇರುತ್ತಿತ್ತು. ಮಕ್ಕಳಿಗೆ ಅದೇ ತಮಾಷೆ.

ಒಂದು ವರ್ಷ ಹೋದಾಗ ಶಾಲೆ ಹೊಸದಾಗಿತ್ತು. ಊರಿನ ದಾನಿಯೊಬ್ಬರು ಎಲ್ಲಾ ಕೋಣೆಗೂ ಟೈಲ್ಸ್ ಹಾಕಿಸಿದ್ದರು. ಅದೇ ವರ್ಷ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದೂ ಶುರುವಾಗಿತ್ತು. ಅಳೆಯುತ್ತಾ ಹೋದಂತೆ ನನಗೆ ಆಶ್ಚರ್ಯ. ಒಂದು ವರ್ಷಕ್ಕೆ ಎರಡಿಂಚು ಬೆಳೆಯಬೇಕಾದ ಮಕ್ಕಳು ನಾಲ್ಕಿಂಚು ಬೆಳೆದಿದ್ದಾರೆ! ಒಬ್ಬರಲ್ಲ, ಸಾಲಿಗೆ ಸಾಲೇ. ಹೆಡ್ ಮಾಸ್ಟರು ಪಕ್ಕದಲ್ಲೇ ನಿಂತು ನೋಡುತ್ತಿದ್ದವರು, "ಮೊಟ್ಟೆ ಅಂದ್ರೆ ಮೊಟ್ಟೆ ಸಿಸ್ಟರ್!" ಅಂದು ಅಲ್ಲಿಂದಲೇ ನಮ್ಮ ತಾಲ್ಲೂಕು ಆರೋಗ್ಯಾಧಿಕಾರಿ ಸಾಹೇಬರಿಗೆ ಫೋನು ಹಚ್ಚಿದರು.

ಐದನೇ ಕ್ಲಾಸಿನ ಮಮತಾಳ ಸರದಿ ಬಂತು. ಏಪ್ರಿಲ್ ಹತ್ತಿರದ ಬಿಸಿಲು, ಆದರೂ ಮೈಮೇಲೆ ಸ್ವೆಟರ್. ಗುಂಡು ಗುಂಡಾದ ಮುಖ, ಊದಿದ ಕಣ್ಣುರೆಪ್ಪೆ. ಸಾಲಿನಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದಳು. ತೂಕ ಹೋದ ವರ್ಷಕ್ಕಿಂತ ಬಹಳ ಏರಿತ್ತು. ಎತ್ತರ ಎರಡಿಂಚು ಹೆಚ್ಚಾಗಿತ್ತು. ಇವಳು ಮಾತ್ರ ಯಾಕೆ ಎರಡೇ ಇಂಚು ಅಂತ ನಾನು ಅನ್ನುವಷ್ಟರಲ್ಲಿ, ಒಂದನೇ ಕ್ಲಾಸಿನ ಮಗುವೊಂದನ್ನು ಸಮಾಧಾನ ಮಾಡಲು ಶಿವಣ್ಣ ಗೋಡೆಗೆ ಬೆನ್ನು ಕೊಟ್ಟು ನಿಂತ. ಮಕ್ಕಳೆಲ್ಲ ಹೋ ಅಂದರು. ಅವನ ತಲೆ ಜಿರಾಫೆಯ ಕಿವಿಯ ಮೇಲಕ್ಕೆ ಹೋಗಿತ್ತು.

"ಮೇಡಮ್ಮೋರೆ, ನೋಡಿ ಇಲ್ಲಿ! ಮೊಟ್ಟೆ ಮುಟ್ಟದೇನೆ ನಾನೂ ಎರಡಿಂಚು ಬೆಳ್ದುಬುಟ್ಟಿವ್ನಿ!"

ಐವತ್ತು ದಾಟಿದ ಗಂಡಸು. ಮಕ್ಕಳ ಜೊತೆ ನಾನೂ ನಕ್ಕೆ. ನಗು ಮುಗಿಯುವ ಮೊದಲೇ ತಲೆಗೆ ಹೊಳೆಯಿತು. ಅಡುಗೆಯವರನ್ನು ಕೇಳಿದರೆ, ಹಳೇ ನೆಲ ಕೀಳದೆ ಅದರ ಮೇಲೇ ಕಾಂಕ್ರೀಟು ಹಾಕಿ ಟೈಲ್ಸ್ ಕೂರಿಸಿದರು ಅಂದರು. ಊರಿನ ಬಡಗಿಯಿಂದ ಟೇಪು ತರಿಸಿ ನೆಲದಿಂದ ಗೋಡೆಯ ಮೂರಡಿ ಗುರುತಿನವರೆಗೆ ಹಿಡಿದೆ. ಎರಡಿಂಚು ಕಮ್ಮಿ ಬಂತು. ನೆಲ ಎರಡಿಂಚು ಮೇಲಕ್ಕೆ ಬಂದಿತ್ತು, ಗೋಡೆಯ ಮೇಲಿನ ಗೆರೆಗಳು ಇದ್ದಲ್ಲೇ ಇದ್ದವು. ಆ ನೆಲದ ಮೇಲೆ ಯಾರು ನಿಂತರೂ ಎರಡಿಂಚು ಹೆಚ್ಚೇ. ಹಾಗಾದರೆ ಬೇರೆ ಮಕ್ಕಳು ನಿಜವಾಗಿ ಬೆಳೆದದ್ದು ಎರಡಿಂಚು. ಮಮತಾ ಬೆಳೆದದ್ದು, ಶಿವಣ್ಣ ಬೆಳೆದಷ್ಟೇ. ಒಂದು ವರ್ಷವಿಡೀ ಆ ಮಗು ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ಅವಳನ್ನು ಪಕ್ಕಕ್ಕೆ ಕರೆದು ಕೈ ಮುಟ್ಟಿ ನೋಡಿದೆ. ಚರ್ಮ ಒಣಗಿ ಒರಟಾಗಿತ್ತು, ತಣ್ಣಗಿತ್ತು. ಚಳಿಯಾಗುತ್ತಾ ಅಂದೆ. ಹೂಂ ಅಂದಳು. ದನಿ ಗೊಗ್ಗರಾಗಿತ್ತು. ಕಕ್ಕಸಿಗೆ ಸರಿಯಾಗಿ ಆಗುತ್ತಾ ಅಂದರೆ ತಲೆ ತಗ್ಗಿಸಿದಳು. "ಅವ್ಳನ್ನ ಏನ್ ಕೇಳ್ತೀರಿ ಸಿಸ್ಟರ್, ಅವ್ಳು ನಮ್ಮ ಶಾಲೆಯ ಕುಂಭಕರ್ಣ" ಅಂದರು ಕ್ಲಾಸಿನ ಮೇಡಂ. "ಮೂರನೇ ಕ್ಲಾಸಲ್ಲಿ ಚೆನ್ನಾಗೇ ಓದ್ತಿದ್ಲು. ಈಗ ಹೇಳಿದ್ದು ಒಂದೂ ತಲೆಗೆ ಹತ್ತಲ್ಲ. ದಡ್ಡಿ ಆಗೋದ್ಲು." ಅದೇನೂ ನಾನು ದೊಡ್ಡ ವಿದ್ಯೆ ಓದಿ ಕಂಡುಹಿಡಿದದ್ದಲ್ಲ. ಬೆಳವಣಿಗೆ ನಿಂತು, ತೂಕ ಮಾತ್ರ ಏರಿ, ಚಳಿ, ಮಂಪರು ಇದ್ದರೆ ಥೈರಾಯ್ಡ್ ನೋಡಿಸಿ ಅಂತ ನಮ್ಮ ತರಬೇತಿಯಲ್ಲೇ ಹೇಳಿದ್ದರು. ಒಂದು ರಕ್ತಪರೀಕ್ಷೆ ಸಾಕು. ತಡವಾದಷ್ಟೂ ಮಗುವಿನ ಎತ್ತರವೂ ಓದೂ ಹೋಗುತ್ತದೆ ಅಂತಲೂ ಹೇಳಿದ್ದರು.

ನಮ್ಮ ತಂಡದ ಡಾಕ್ಟರಿಗೆ ಹೇಳಿದೆ. ಅವರು ಟ್ಯಾಬ್ ತೋರಿಸಿದರು. "ಎತ್ತರ ಏರಿದೆ, ತೂಕ ಏರಿದೆ, ಹಸಿರು ತೋರಿಸ್ತಿದೆ. ಹಸಿರು ಬಂದ ಮಗೂನ ಏನಂತ ಬರೆದು ಕಳಿಸ್ಲಿ ಸಿಸ್ಟರ್?" ಗೋಡೆಯ ವಿಷಯ ಹೇಳಿದೆ. ಅದನ್ನು ನೀವು ಹೆಡ್ ಮಾಸ್ಟರ ಹತ್ತಿರ ಮಾತಾಡಿಕೊಳ್ಳಿ ಅಂದು ಅವರು ಜೀಪಿನಲ್ಲಿ ಹೋಗಿ ಕೂತರು.

ಹೆಡ್ ಮಾಸ್ಟರು ಟೇಪನ್ನು ನೋಡಿದರು, ಗೋಡೆಯನ್ನು ನೋಡಿದರು. ಅವರಿಗೆ ಅರ್ಥವಾಗದೆ ಏನಿಲ್ಲ. "ಸಿಸ್ಟರ್, ದಯವಿಟ್ಟು ಇದನ್ನ ಕೆದಕಬ್ಯಾಡಿ. ಸಾಹೇಬ್ರಿಗೆ ಹೇಳ್ಬುಟ್ಟಿವ್ನಿ. ಶನಿವಾರ ಕಾರ್ಯಕ್ರಮ, ದಾನಿಗಳೂ ಬರ್ತಾವ್ರೆ. ಮಕ್ಕಳು ಬೆಳೆದಿದ್ದು ಟೈಲ್ಸಿಂದ ಅಂತ ಮೈಕಲ್ಲಿ ಹೇಳಕ್ಕಾಯ್ತದಾ?"

"ಮೈಕಲ್ಲಿ ಏನಾದ್ರೂ ಹೇಳ್ಕೊಳ್ಳಿ ಸರ್. ಆ ಒಂದು ಮಗೂನ ಮೈಸೂರು ಆಸ್ಪತ್ರೆಗೆ ಕಳಿಸಿ."

"ಅವ್ಳೊಬ್ಬಳ ಅಳತೆ ತಪ್ಪು ಅಂದ್ರೆ ಎಲ್ಲಾರದೂ ತಪ್ಪು ಅಂತ ಆಗಲ್ವಾ?"

ಸರಿ, ಸಾಹೇಬರ ಹತ್ತಿರವೇ ಹೋದೆ. ಅವರಿಗೆ ಇನ್ನೂ ಸಂತೋಷ ಇಳಿದಿರಲಿಲ್ಲ. ನಾನು ಹೇಳುತ್ತಾ ಹೋದಂತೆ ಮುಖ ಬಿಗಿಯಿತು. "ನಾನು ಮೇಲಕ್ಕೆ ಹೇಳಾಗಿದೆ. ನಾಲ್ಕಿಂಚು ಬೆಳೆದ್ರು ಅಂತ ಹೇಳಿ, ಈಗ ಎರಡಿಂಚು ಕುಗ್ಗಿದ್ರು ಅನ್ನಲಾ? ಮಕ್ಕಳು ಕುಗ್ತಾರೇನ್ರೀ?" ಅಂದರು. "ನಿಮಗೆ ಒಳ್ಳೇದು ಕಂಡ್ರೆ ಆಗಲ್ಲ ಸಿಸ್ಟರ್. ಎಲ್ಲಾ ಕಡೆ ಹುಳುಕು ಹುಡುಕ್ತೀರಿ." ಹುಳುಕು ಹುಡುಕಲು ತಾನೇ ಸ್ವಾಮಿ ನನಗೆ ಸಂಬಳ ಕೊಡುವುದು ಅಂದೆ. ಅದನ್ನು ಅನ್ನಬಾರದಿತ್ತು ಅಂತ ಆಮೇಲೆ ಎಲ್ಲರೂ ಹೇಳಿದರು. ನಾನು ಇವತ್ತೂ ಹಾಗೇ ಅನ್ನುತ್ತೇನೆ.

ಮೊಟ್ಟೆಯ ಬಗ್ಗೆ ಒಂದು ಮಾತು. ಮೊಟ್ಟೆ ಒಳ್ಳೆಯದೇ. ಅದನ್ನು ತಿಂದ ಮಕ್ಕಳ ಕೆನ್ನೆಗೆ ಬಣ್ಣ ಬಂದದ್ದನ್ನು ನಾನೇ ನೋಡಿದ್ದೇನೆ. ಅದಕ್ಕೆ ಟೈಲ್ಸಿನ ಸಾಕ್ಷಿ ಬೇಕಿರಲಿಲ್ಲ.

ಶನಿವಾರದ ಕಾರ್ಯಕ್ರಮಕ್ಕೆ ಒಂದು ದೊಡ್ಡ ಬ್ಯಾನರ್ ಮಾಡಿಸಿದ್ದರು. ಮೊಟ್ಟೆಯ ಮಹಿಮೆ ತೋರಿಸಲು ದುಂಡಗಿನ ಮಗುವಿನ ಫೋಟೋ ಬೇಕಲ್ಲ. ಇಡೀ ಶಾಲೆಯಲ್ಲಿ ಹಾಗಿದ್ದವಳು ಒಬ್ಬಳೇ. ಬ್ಯಾನರಿನ ನಡುವೆ, ಜಿರಾಫೆಯ ಪಕ್ಕ, ಕೈಯಲ್ಲಿ ಮೊಟ್ಟೆ ಹಿಡಿದುಕೊಂಡು ಮಮತಾ ನಿಂತಿದ್ದಳು. ಕಣ್ಣು ಅರ್ಧ ಮುಚ್ಚಿತ್ತು. ವೇದಿಕೆಯ ಮೇಲೆ ಅವಳಿಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಇನ್ನು ಉಳಿದದ್ದು ಅವಳ ತಾಯಿ. ಜಯಮ್ಮ ಅಂತ, ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು. ಗಂಡ ಟ್ರಾಕ್ಟರು ಓಡಿಸುತ್ತಾನೆ. ಕಾರ್ಯಕ್ರಮ ಮುಗಿದ ಸಂಜೆ ಹಾಲಿನ ಡೈರಿ ಮುಂದೆ ಅವಳನ್ನು ಹಿಡಿದೆ. ಮಗಳಿಗೆ ಥೈರಾಯ್ಡ್ ತೊಂದರೆ ಇದ್ದಂತಿದೆ, ಮೈಸೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸು ಅಂದೆ. ಅವಳು ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಏನ್ ನರ್ಸಮ್ಮಾರೆ, ಇಂಗಂತೀರಿ? ಮದ್ಯಾನ ಅಷ್ಟು ಜನದ ಮುಂದೆ ನನ್ ಮಗ್ಳಿಗೆ ಶಾಲು ಒದ್ಸವ್ರೆ. ಮೈಕೈ ತುಂಬ್ಕೊಂಡವ್ಳೆ ಅಂತ ಫೋಟ ಆಕವ್ರೆ. ನಿಮ್ಮ ಡಾಕ್ಟ್ರೂ ಅಲ್ಲೇ ಕುಂತಿದ್ರು. ನೀವೊಬ್ರು ಬಂದು ಕಾಯ್ಲೆ ಅಂತೀರಲ್ಲಾ!"

"ಅವಳು ಬೆಳೀತಿಲ್ಲ ಕಣವ್ವ, ಗೋಡೆ ಅಳತೆ ತಪ್ಪಾಗಿದೆ."

"ಅಂಗಾರೆ ಎಲ್ಲಾರ್ ಮಕ್ಳೂ ಬೆಳ್ದವ್ರೆ, ನನ್ ಮಗ್ಳೊಬ್ಳೇ ಬೆಳ್ದಿಲ್ವಾ?" ಡೈರಿ ಮುಂದೆ ನಿಂತಿದ್ದ ಹೆಂಗಸರು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗಿ ದನಿ ತಗ್ಗಿಸಿದಳು. "ಎಣ್ ಮಗ ಕಣ್ರವ್ವ. ಕಾಯ್ಲೆ ಅಂತ ಊರಲ್ಲಿ ಎಸ್ರು ಬಿದ್ರೆ ನಾಳೀಕೆ ಯಾರು ಒಪ್ಕತ್ತಾರೆ? ಬುಟ್ಬುಡಿ, ನಿಮ್ಮ ಕೈ ಮುಗೀತೀನಿ."

ಅವಳನ್ನು ದೂರುವುದು ಹೇಗೆ? ಹೆಡ್ ಮಾಸ್ಟರು, ಡಾಕ್ಟರು, ಸಾಹೇಬರು, ಬ್ಯಾನರು ಎಲ್ಲ ಒಂದು ಕಡೆ. ನಾನು ಇನ್ನೊಂದು ಕಡೆ. ಅವಳ ಜಾಗದಲ್ಲಿ ನಾನಿದ್ದರೂ ಅವರನ್ನೇ ನಂಬುತ್ತಿದ್ದೆ.

ತಿಂಗಳೊಳಗೆ ನನ್ನನ್ನು ಶ್ರೀರಂಗಪಟ್ಟಣದ ಕಡೆಗೆ ಹಾಕಿದರು. ಅಲ್ಲಿ ಬೇರೆಯೇ ಲೋಕ. ಪೇಟೆಯ ಶಾಲೆಯ ಹುಡುಗನೊಬ್ಬನಿಗೆ ತೂಕ ಹೆಚ್ಚು ಅಂತ ಬರೆದದ್ದಕ್ಕೆ ಅವರಪ್ಪ ಫೋನು ಮಾಡಿ, "ನನ್ನ ಮಗ ತಿನ್ನೋದು ನನ್ನ ದುಡ್ಡಲ್ಲಿ, ನಿಮಗೇನ್ರೀ ಕಷ್ಟ?" ಅಂತ ಕೂಗಾಡಿದ. ನಾನು ಕೆ.ಆರ್. ಪೇಟೆಯ ಹೊಸ ತಂಡಕ್ಕೆ ಫೋನು ಮಾಡಿ ಮಮತಾಳ ವಿಷಯ ಹೇಳಿದೆ. ನೋಡ್ತೀವಿ ಅಂದರು. ಮುಂದಿನ ವರ್ಷ ಮತ್ತೆ ಕೇಳಿದೆ. "ನೋಡಿದ್ವಿ ಮೇಡಂ, ಚೆನ್ನಾಗವ್ಳೆ, ಎರಡಿಂಚು ಬೆಳೆದವ್ಳೆ" ಅಂದರು. ಆ ಎರಡಿಂಚು ಯಾವ ಹೋಟೆಲಿನಲ್ಲಿ ಬೆಳೆದದ್ದು ಅಂತ ನನಗೆ ಗೊತ್ತು. ಗೊತ್ತಿದ್ದೂ, ಅಲ್ಲಿಂದ ಬಸ್ಸು ಹತ್ತಿ ಹೋಗಿ ಜಗಳ ಆಡಲಿಲ್ಲ. ಸೋತು ಸಾಕಾಗಿತ್ತು. ಮನೆ, ಮೊಮ್ಮಗು, ನನ್ನ ಮಂಡಿನೋವು ಅಂತ ದಿನ ಹೋಯಿತು.

ನಿವೃತ್ತಿಗೆ ಕೊನೆಯ ವರ್ಷ ಮತ್ತೆ ಕೆ.ಆರ್. ಪೇಟೆಗೆ ಕಳಿಸಿದರು. ಮೊದಲ ವಾರವೇ ಆ ಊರಿಗೆ ಹೋದೆ. ಶಾಲೆಯಲ್ಲಿ ಮಮತಾ ಇರಲಿಲ್ಲ. ಏಳು ಮುಗಿಸಿದ ಮೇಲೆ ಹೈಸ್ಕೂಲಿಗೆ ಸೇರಿಸಿರಲಿಲ್ಲ. ಓದು ಹತ್ತದವಳನ್ನು ದಿನಾ ಬಸ್ಸಿನಲ್ಲಿ ಕಳಿಸಿ ಏನು ಪ್ರಯೋಜನ ಅಂತ ಮನೆಯಲ್ಲೇ ಉಳಿಸಿಕೊಂಡಿದ್ದರು. ಮನೆಗೆ ಹೋದರೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಮೂರು ವರ್ಷ ಕಳೆದಿತ್ತು, ಅವಳು ಐದನೇ ಕ್ಲಾಸಿನ ಎತ್ತರದಲ್ಲೇ ಇದ್ದಳು. ಒಂದು ಹೆಜ್ಜೆ ಇಟ್ಟು ಇನ್ನೊಂದು ಇಡುವುದಕ್ಕೆ ಹೊತ್ತು ತೆಗೆದುಕೊಳ್ಳುವಳು. ಮೊಣಕೈ ಮೇಲೆ ಸುಟ್ಟ ಗಾಯದ ಕಲೆ. ಏನಮ್ಮ ಇದು ಅಂದೆ. "ಪಾತ್ರೆ ಬೆಳಗ್ತಾ ನಿದ್ದೆ ಮಾಡ್ಬುಟ್ಟಿದ್ದೆ, ಅವ್ವ ಸೌಟು ಕಾಯ್ಸಿ ಇಟ್ಲು" ಅಂದಳು. ದೂರುವ ದನಿಯೇ ಅಲ್ಲ. ಊಟ ಆಯ್ತು ಅಂದ ಹಾಗೆ ಹೇಳಿದಳು.

ಈ ಸಲ ಜಯಮ್ಮ ವಾದ ಮಾಡಲಿಲ್ಲ. ಮೂರು ವರ್ಷದಿಂದ ಒಂದೇ ಅಳತೆಯ ಲಂಗ ಹೊಲಿಸುತ್ತಿರುವುದು ಅವಳಿಗೂ ಗೊತ್ತಿತ್ತು. ಯಾವ ಚೀಟಿಯೂ ಇಲ್ಲದೆ, ಯಾರ ಅಪ್ಪಣೆಯೂ ಕೇಳದೆ, ರಜೆ ಹಾಕಿ ಇಬ್ಬರನ್ನೂ ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ರಕ್ತ ತೆಗೆದರು. ರಿಪೋರ್ಟ್ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು, "ಇಷ್ಟು ವರ್ಷ ಏನು ಮಾಡ್ತಿದ್ರಿ?" ಅಂತ ನನ್ನನ್ನೇ ಕೇಳಿದರು. ಥೈರಾಯ್ಡ್ ಬಹುತೇಕ ಕೆಲಸವನ್ನೇ ಮಾಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಅಷ್ಟೇ ಚಿಕಿತ್ಸೆ. ಆಲಸ್ಯ ಹೋಗುತ್ತೆ, ಮೈ ಇಳಿಯುತ್ತೆ, ಇನ್ನು ಸ್ವಲ್ಪ ಬೆಳೆಯಲೂಬಹುದು, ಆದರೆ ಕಳೆದುಹೋದ ಎತ್ತರ ಪೂರ್ತಿ ವಾಪಸ್ ಬರುವುದಿಲ್ಲ ಅಂದರು.

ಜಯಮ್ಮ ಆ ಸಣ್ಣ ಬಿಳಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಇದೊಂದು ಗುಳ್ಗೆನಾ? ಇಷ್ಟೇನಾ?" ಅಂದಳು. ಆಮೇಲೆ ಆಸ್ಪತ್ರೆಯ ಬಾಗಿಲಲ್ಲೇ ಕುಸಿದು ಕೂತು, ಮಗಳ ಮೊಣಕೈಯನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸಿದರೆ ಹೋಗುವ ಕಲೆಯಲ್ಲ. "ಸೋಂಬೇರಿ ಮುಂಡೆ ಅಂತ ಸುಟ್ಬುಟ್ನಲ್ಲಾ ನರ್ಸಮ್ಮಾರೆ" ಅಂತ ಎದೆ ಬಡಿದುಕೊಂಡಳು. ಸಾಹೇಬರು, ಹೆಡ್ ಮಾಸ್ಟರು ಅಲ್ಲಿ ಇರಬೇಕಿತ್ತು. ಅವರು ಯಾರೂ ಇರಲಿಲ್ಲ. ಸಾಹೇಬರು ಅಷ್ಟರಲ್ಲಿ ಬಡ್ತಿ ಸಿಕ್ಕಿ ಜಿಲ್ಲೆಗೆ ಹೋಗಿದ್ದರು, ಹೆಡ್ ಮಾಸ್ಟರಿಗೆ ಬೀಳ್ಕೊಡುಗೆ ಮಾಡಿ ಹಾರ ಹಾಕಿ ಕಳಿಸಿದ್ದರು. ಮಗುವನ್ನು ಸುಟ್ಟದ್ದು ತಾಯಿ ಒಬ್ಬಳೇ ಅಂತ ಲೆಕ್ಕ.

ನಾನು ಕೆಲಸದಿಂದ ಇಳಿದ ಮೇಲೆ, ಈಚೆಗೆ ಒಂದು ಬೆಳಿಗ್ಗೆ ಕಿಕ್ಕೇರಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಹೈಸ್ಕೂಲಿನ ಯೂನಿಫಾರ್ಮ್ ಹಾಕಿದ ಸಣ್ಣ ಹುಡುಗಿಯೊಬ್ಬಳು ರಸ್ತೆ ದಾಟಿ ನನ್ನ ಕಡೆ ಓಡಿ ಬಂದಳು. ಹತ್ತಿರ ಬರುವವರೆಗೂ ಗುರುತು ಹತ್ತಲಿಲ್ಲ. ಮುಖ ಇಳಿದು ಕಣ್ಣು ದೊಡ್ಡದಾಗಿತ್ತು. ಮಮತಾ ಓಡಿದ್ದನ್ನು ನಾನು ಅದಕ್ಕೆ ಮುಂಚೆ ಯಾವತ್ತೂ ನೋಡಿರಲಿಲ್ಲ.

"ಮೇಡಮ್ಮೋರೆ, ಎಂಟ್ನೇ ಕ್ಲಾಸ್ಗೆ ಸೇರ್ಕಂಡಿವ್ನಿ. ಈಗ ನಿದ್ದೆ ಬರಕಿಲ್ಲ. ಯೋಳ್ಕೊಟ್ಟಿದ್ದೆಲ್ಲಾ ಗ್ಯಾಪ್ಕ ಇರ್ತದೆ. ಹದಿನೇಳರ ಮಗ್ಗಿ ಯೋಳ್ಲಾ?" ಅಂದು, ಉತ್ತರಕ್ಕೂ ಕಾಯದೆ ಅಷ್ಟು ಜನರ ನಡುವೆ ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಎಲ್ಲರಿಗಿಂತ ಕುಳ್ಳಿ. ಅದಕ್ಕೆ ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರಂತೆ. ಶಹಬ್ಬಾಸ್ ಅಂತ ಬೆನ್ನು ತಟ್ಟಿದೆ. ಅವಳು ಬ್ಯಾಗಿನ ಪಟ್ಟಿಯನ್ನು ತಿರುಚತೊಡಗಿದಳು.

"ಅಂಗಾರೆ ನಾನು ದಡ್ಡಿ ಆಗಿರ್ನಿಲ್ಲ, ಅಲ್ವಾ?"

"ಇಲ್ಲ ಕಣವ್ವ. ಯಾವತ್ತೂ ಆಗಿರಲಿಲ್ಲ."

"ಶಾಲೇಲಿ ಅಂದ್ರು, ಅವ್ವ ಅಂದ್ಲು, ಎಲ್ಲಾರೂ ಅಂದ್ರು" ಅಂದಳು. "ಅವರಂದಿದ್ದು ಇರ್ಲಿ ಮೇಡಂ. ನಾನೂ ಊಂ ಅಂತ ಒಪ್ಕಬುಟ್ಟಿದ್ನಲ್ಲಾ."